ಬಟನ್ನಿಗೆ ಮೇವು

ಕೆಲಸ ಮುಗಿಯಿತು ಎಂದು ಹೇಳಬೇಕಾದವರು ಯಾರು? ಕೆಲಸ ಮಾಡಿದವನೋ, ಮಾಡಿಸಿಕೊಂಡವನೋ, ಅಥವಾ ಅಂಗೈಯಗಲದ ಒಂದು ಫೋನೋ? ಕುಕ್ಕರ್ ಈ ಪ್ರಶ್ನೆಯನ್ನು ಇವತ್ತಿಗೂ ಕೇಳುತ್ತಾನೆ. ಎದುರಿಗಿರುವವನು ಟೀ ಅಂಗಡಿಯವನಿರಲಿ, ಬಸ್ಸಿಗೆ ಕಾಯುತ್ತಿರುವ ಗುರುತಿಲ್ಲದವನಿರಲಿ, ಒಮ್ಮೆ ಶುರು ಹಚ್ಚಿಕೊಂಡನೆಂದರೆ ಬಸ್ಸು ಬಂದು ಹೋದರೂ ಬಿಡುವುದಿಲ್ಲ.

ಅವನ ಮಾತು ಇಷ್ಟೇ. ಕೆಟ್ಟು ನಿಂತಿದ್ದ ಲಿಫ್ಟನ್ನು ಸರಿ ಮಾಡಿಯಾಗಿದೆ. ಅದು ಸದ್ದಿಲ್ಲದೆ ಮೇಲೆ ಕೆಳಗೆ ಓಡಾಡುತ್ತಿದೆ. ಕಟ್ಟಡದವರು ಹತ್ತಿ ಇಳಿದು, ಸದ್ಯ ಬದುಕಿದೆವು ಎಂದು ಮನೆ ಸೇರಿದ್ದಾರೆ. ಆದರೆ ಕಂಪನಿ ಕೊಟ್ಟ ಆ್ಯಪ್ ಒಪ್ಪುವುದಿಲ್ಲ. ಪರದೆಯ ಮೇಲೆ ಒಂದು ಬಿಳಿ ಪೆಟ್ಟಿಗೆ ಎದ್ದು ನಿಲ್ಲುತ್ತದೆ. 'ಏನು ಕಂಡುಬಂತು? ಬರೆಯಿರಿ' ಎನ್ನುತ್ತದೆ. ಅದರ ಕೆಳಗೆ 'ಮುಗಿಯಿತು' ಎಂಬ ಬಟನ್, ಬೂದಿ ಬಳಿದುಕೊಂಡಂತೆ ಮಂಕಾಗಿ ಕೂತಿರುತ್ತದೆ. ಹೆಬ್ಬೆರಳಲ್ಲಿ ಒತ್ತಿ, ತೋರುಬೆರಳಲ್ಲಿ ಒತ್ತಿ, ಮೊಣಕೈಯಲ್ಲಿ ತಿವಿಯಿರಿ, ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ. ಪೆಟ್ಟಿಗೆಯೊಳಗೆ ಅಕ್ಷರ ಬಿದ್ದರೆ ಮಾತ್ರ ಅದಕ್ಕೆ ಜೀವ ಬರುತ್ತದೆ. ಅದಕ್ಕೆ ಜೀವ ಬರುವ ತನಕ ಈ ಕೆಲಸ ಮುಗಿದಂತಲ್ಲ, ಮುಂದಿನ ಕೆಲಸ ಸಿಗುವುದಿಲ್ಲ. ಐದನೇ ಕ್ಲಾಸಿಗೆ ಶಾಲೆಯ ಗೇಟು ದಾಟಿ ಬಂದವನು, ಗ್ರೀಸ್ ಮೆತ್ತಿದ ಬೆರಳಲ್ಲಿ, ಕತ್ತಲೆ ಮೆಟ್ಟಿಲ ಮೇಲೆ ಕೂತು ಕಾಪಿ ಬರೆಯಬೇಕು! ಯಾವ ತಪ್ಪಿಗೆ?

ಕುಕ್ಕರ್ ಎನ್ನುವುದು ಅವನಿಗೆ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು. "ಮೂರು ಸೀಟಿ ಆಗೋವರೆಗೂ ಯಾರೂ ಹತ್ರ ಹೋಗ್ಬೇಡಿ, ಆಮೇಲೆ ತಾನಾಗೇ ತಣ್ಣಗಾಗ್ತಾನೆ" ಎಂದು ಅವರು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದರು. ಮೀಸೆ ಮೂಡುವ ಮುಂಚೆ ಒಬ್ಬ ಫಿಟ್ಟರ್ ಹಿಂದೆ ಸ್ಪ್ಯಾನರ್ ಹೊತ್ತುಕೊಂಡು ಈ ಕೆಲಸಕ್ಕೆ ಇಳಿದವನು. ಕೋಪ ಅವನಿಗೆ ಮೂಗಿನ ತುದಿಯಲ್ಲೇ ಇತ್ತು, ಆದರೆ ಅದು ಲಿಫ್ಟಿನ ಮೇಲೆ ಎಂದೂ ಇಳಿದದ್ದಿಲ್ಲ. ಮನುಷ್ಯರ ಮೇಲೆ, ಅದರಲ್ಲೂ ಕುರ್ಚಿಯಲ್ಲಿ ಕೂತ ಮನುಷ್ಯರ ಮೇಲೆ ಮಾತ್ರ.

ಅವನ ಷಡ್ಡಕನೂ ಅದೇ ಕಂಪನಿಯಲ್ಲಿ ಮೆಕ್ಯಾನಿಕ್. ಅಕ್ಕನನ್ನು ಇವನು ಮದುವೆಯಾಗಿದ್ದ, ತಂಗಿಯನ್ನು ಅವನು. ಒಂದೇ ಕಟ್ಟಡ, ಕೆಳಗೆ ಇವನ ಸಂಸಾರ, ಮೇಲೆ ಅವನದು. ಷಡ್ಡಕನಿಗೆ ಈ ಕೆಲಸ ಕೊಡಿಸಿದ್ದೂ ಕುಕ್ಕರೇ. ಸ್ವಭಾವದಲ್ಲಿ ಮಾತ್ರ ಇಬ್ಬರೂ ಬೆಂಕಿ ಮತ್ತು ಹತ್ತಿಯಲ್ಲ, ಬೆಂಕಿ ಮತ್ತು ಒದ್ದೆ ಗೋಣಿಚೀಲ. ಇವನು ಹತ್ತಿ ಉರಿಯುವಾಗ ಅವನು ಮೇಲೆ ಬಿದ್ದು ಆರಿಸುತ್ತಿದ್ದ. "ಬಿಡಿ ಭಾವ, ಟೀ ಕುಡಿಯೋಣ ಬನ್ನಿ" ಎನ್ನುವುದು ಅವನ ಸರ್ವರೋಗದ ಔಷಧ.

ಆ್ಯಪ್ ಬಂದ ಹೊಸದರಲ್ಲಿ ಪೆಟ್ಟಿಗೆಗೆ ಒಂದೇ ಒಂದು ಅಕ್ಷರ ಸಾಕಿತ್ತು. ಮೆಕ್ಯಾನಿಕ್‌ಗಳೆಲ್ಲ ಒಂದು ಚುಕ್ಕೆ ಇಟ್ಟು ಬಟನ್ ಒತ್ತಿ ಎದ್ದು ಬರುತ್ತಿದ್ದರು. ಲಿಫ್ಟಿಗೆ ಎಣ್ಣೆ ಹಾಕಿದರೂ ಚುಕ್ಕೆ, ಮೋಟಾರು ಬಿಚ್ಚಿ ಕಟ್ಟಿದರೂ ಚುಕ್ಕೆ. ಕೆಲವು ತಿಂಗಳ ಮೇಲೆ ಹೆಡ್ ಆಫೀಸಿನಲ್ಲಿ ಯಾರೋ ಕಣ್ಣು ಬಿಟ್ಟು ನೋಡಿದರು. ಊರ ತುಂಬ ಚುಕ್ಕೆ! ಹಾಗಾದರೆ ಜನಕ್ಕೆ ಏಕೆ ಬರೆಯಲಾಗುತ್ತಿಲ್ಲ ಎಂದು ಕೇಳಬೇಕಿತ್ತಲ್ಲವೇ? ಕೇಳಲಿಲ್ಲ. ಐವತ್ತು ಅಕ್ಷರ ಆಗುವ ತನಕ ಬಟನ್ ಎಚ್ಚರವಾಗದಂತೆ ಮಾಡಿಬಿಟ್ಟರು.

ಕುಕ್ಕರ್ ಅವತ್ತು ಆಫೀಸಿನಲ್ಲಿ ಮೂರಲ್ಲ, ಆರು ಸೀಟಿ ಹೊಡೆದ.

"ಲಿಫ್ಟು ಚೆನ್ನಾಗಿದೆ ಅನ್ನೋದಕ್ಕೆ ಐವತ್ತು ಅಕ್ಷರ ಎಲ್ಲಿಂದ ತರ್ಲಿ ಸಾರ್? 'ಚೆನ್ನಾಗಿದೆ'ಗೆ ಎಷ್ಟಾಯ್ತು, ನೀವೇ ಲೆಕ್ಕ ಹಾಕಿ!" ಎಂದು ಸೂಪರ್‌ವೈಸರರ ಮೇಜು ಗುದ್ದಿದ.

ಸೂಪರ್‌ವೈಸರ್ ಕೆಟ್ಟವರಲ್ಲ, ಆದರೆ ಮೇಲಿನಿಂದ ಬಂದದ್ದನ್ನು ಕೆಳಗೆ ದಾಟಿಸುವ ಕೊಳವೆ. "ನಾನೇನು ಮಾಡಿದ್ದೇನ್ರೀ ಅದನ್ನ? ಮೇಲಿನವರು ಮಾಡಿದ್ದು. ಏನಾದ್ರೂ ಬರೀರಿ, ಬಟನ್ ಹತ್ಕೊಂಡ್ರೆ ಸಾಕು" ಎಂದರು.

ಏನಾದರೂ ಬರೆಯಿರಿ! ಹೇಳಿದವರು ಅವರೇ. ಅದನ್ನು ನೆನಪಿಟ್ಟುಕೊಂಡವನು ಕುಕ್ಕರ್ ಒಬ್ಬನೇ.

ದಾರಿ ಕಂಡುಹಿಡಿದವನು ಷಡ್ಡಕ. ಫೋನಿನಲ್ಲಿ ಬರೆಯಲು ಹೋದರೆ ಅಕ್ಷರಗಳ ಮೇಲೆ ಮೂರು ಪದಗಳು ತಾವಾಗಿಯೇ ಬಂದು ಕೂರುತ್ತವಲ್ಲ, ಅದರಲ್ಲಿ ನಡುವಿನದನ್ನು ಒತ್ತುತ್ತಾ ಹೋಗುವುದು. ಒಂದನ್ನು ಒತ್ತಿದರೆ ಇನ್ನೊಂದು ಬರುತ್ತದೆ, ಅದನ್ನು ಒತ್ತಿದರೆ ಮತ್ತೊಂದು. ತಲೆ ಓಡಿಸಬೇಕಿಲ್ಲ. ಸ್ವಲ್ಪ ಹೊತ್ತಿಗೆ ಐವತ್ತು ತುಂಬಿ ಬಟನ್ ಫಳಕ್ಕನೆ ನೀಲಿಯಾಗುತ್ತದೆ. ಇದಕ್ಕೆ ಮೆಕ್ಯಾನಿಕ್‌ಗಳು 'ಮೇವು ಹಾಕುವುದು' ಎಂದು ಹೆಸರಿಟ್ಟರು. "ಲಿಫ್ಟು ಆಯ್ತೇನೋ?" "ಆಯ್ತು, ಮೇವು ಹಾಕ್ತಾ ಇದ್ದೀನಿ, ಬಂದೆ." ಹಟ್ಟಿಯಲ್ಲಿ ದನ ಕಟ್ಟಿಕೊಂಡವರ ಮಾತಿನ ಹಾಗೆ ಕೇಳಿಸುತ್ತಿತ್ತು.

ಒಂದು ತಮಾಷೆಯಿತ್ತು. ಆ ನಡುವಿನ ಪದ ಅವರವರು ಬರೆದು ಬರೆದು ಫೋನಿಗೆ ರೂಢಿ ಮಾಡಿಸಿದ ಪದವೇ ಆಗಿರುತ್ತಿತ್ತು. ಷಡ್ಡಕನ ಫೋನು ಹೆಂಡತಿಗೆ ಕಳಿಸಿದ ಮಾತುಗಳನ್ನು ಕಲಿತಿತ್ತು: 'ಬರ್ತೀನಿ ಊಟ ಮಾಡು ಕಾಯಬೇಡ ಹಾಲು ತರ್ತೀನಿ ಬರ್ತೀನಿ.' ಕುಕ್ಕರ್ ಫೋನು ಏನು ಕಲಿತಿದ್ದೀತು? ಫೋನ್ ಎತ್ತದವರಿಗೆ, ಸಾಮಾನು ತಡವಾಗಿ ಕಳಿಸಿದವರಿಗೆ, ಹೆಂಡತಿಯ ತಮ್ಮನಿಗೆ ಅವನು ಕುಟ್ಟಿದ್ದನ್ನೆಲ್ಲ ಕಲಿತಿತ್ತು. ನಡುವಿನದನ್ನು ಒತ್ತಿದರೆ, 'ಯಾಕೆ ಫೋನ್ ಎತ್ತಲ್ಲ ನಿನಗೆ ಬುದ್ಧಿ ಇದೆಯಾ ಇಲ್ವಾ' ಎಂದು ಸರಾಗವಾಗಿ ಹರಿದು ಬರುತ್ತಿತ್ತು.

"ಭಾವ, ನಿಮ್ಮ ಫೋನಿಗೂ ಬಿ.ಪಿ. ಇದೆ, ತೋರಿಸಿ ಡಾಕ್ಟರ್‌ಗೆ" ಎಂದು ಷಡ್ಡಕ ನಗುತ್ತಿದ್ದ.

"ಓದೋರು ಯಾರಿದ್ದಾರೆ ಅಲ್ಲಿ? ಓದೋರಿದ್ದಿದ್ರೆ ಇಷ್ಟೊತ್ತಿಗೆ ನನ್ನನ್ನ ಜೈಲಿಗೆ ಹಾಕ್ತಿದ್ರು" ಎನ್ನುತ್ತಿದ್ದ ಕುಕ್ಕರ್.

ನಿಜ, ಓದುವವರಿರಲಿಲ್ಲ. ಬರೆಸುವವರಿದ್ದರು.

ನಾಲ್ಕು ಮಹಡಿಯ ಒಂದು ಹಳೆಯ ಕಟ್ಟಡ ಆ ಇಬ್ಬರ ಪಾಲಿಗಿತ್ತು. ಒಂದು ತಿಂಗಳು ಇವನು ನೋಡಿದರೆ ಮುಂದಿನ ತಿಂಗಳು ಅವನು. ಕೆಳಗೆ ಕನ್ನಡಕದಂಗಡಿ, ನಡುವೆ ಹಲ್ಲಿನ ಡಾಕ್ಟರು, ಮೂರನೇ ಮಹಡಿಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು. ಎಲ್ಲರಿಗೂ ಅವಳು ದರ್ಜಿಯಮ್ಮ. ಬಟ್ಟೆಯ ಗಂಟನ್ನು ಎದೆಗವುಚಿಕೊಂಡು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವವಳು.

ಕುಕ್ಕರ್ ತನ್ನ ಸರದಿಯಲ್ಲಿ ಮೇಲಿನ ಮೆಷಿನ್ ರೂಮಿಗೆ ಹೋಗಿ ನೋಡಿದಾಗ ಬ್ರೇಕಿನ ಲೈನರ್ ಸವೆದು ಹಾಳೆಯಷ್ಟಾಗಿತ್ತು. ಲೈನರ್ ಸವೆದರೆ ಬ್ರೇಕು ಜಾರುತ್ತದೆ; ಲಿಫ್ಟು ನಿಲ್ಲಬೇಕಾದ ಕಡೆ ನಿಲ್ಲದೆ ತುಸು ಮೇಲಕ್ಕೋ ಕೆಳಕ್ಕೋ ಹೋಗಿ ನಿಲ್ಲುತ್ತದೆ. ಅವನು ಅಲ್ಲಿಂದಲೇ ಸೂಪರ್‌ವೈಸರಿಗೆ ಫೋನ್ ಮಾಡಿದ.

"ಸಾರ್, ಲೈನರ್ ಹೋಗಿದೆ. ಹೊಸದು ಕಳಿಸಿ. ಅಲ್ಲೀವರೆಗೂ ಇದನ್ನ ನಿಲ್ಲಿಸ್ತೀನಿ."

"ನಿಲ್ಲಿಸ್ಬೇಡ್ರೀ, ಹಲ್ಲಿನ ಡಾಕ್ಟರು ನನ್ನ ಹಲ್ಲು ಕೀಳ್ತಾರೆ. ಆ್ಯಪಲ್ಲಿ ಬರೀರಿ. ಬಾಯಲ್ಲಿ ಹೇಳಿದ್ರೆ ಸ್ಟೋರಿನವರು ಸಾಮಾನು ಕೊಡಲ್ಲ."

"ಬರೀತೀನಿ. ಆದ್ರೆ ಓದ್ತೀರಾ?"

"ಬರೀರಿ ಮೊದ್ಲು!"

ಬರೆದ. ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ, ನಡುವಿನ ಪದಕ್ಕೆ ಕೈ ಹಾಕದೆ, ಸ್ವಂತ ಬುದ್ಧಿಯಿಂದ ಬರೆದ: 'ಬ್ರೇಕ್ ಲೈನರ್ ಸವೆದಿದೆ. ಹೊಸದು ಹಾಕಿ.' ಆ ಆ್ಯಪ್ ಬಂದಂದಿನಿಂದ ಅದರೊಳಗೆ ಬಿದ್ದ ಮೊದಲ ಸತ್ಯ ಅದೇ ಇರಬೇಕು. ಬಟನ್ ನೋಡಿದ. ಬೂದಿ ಬಣ್ಣ! ಐವತ್ತಾಗಿರಲಿಲ್ಲ. ಸತ್ಯ ಚಿಕ್ಕದಾಗಿತ್ತು, ಅದಕ್ಕೆ ಸಾಲಲಿಲ್ಲ.

ಕೆಳಗಿನಿಂದ ವಾಚ್‌ಮನ್ ಕೂಗುತ್ತಿದ್ದ, "ಲಿಫ್ಟ್ ಬಿಡ್ತೀರೋ ಇಲ್ಲೇ ಸಂಸಾರ ಹೂಡ್ತೀರೋ?" ಇನ್ನೆರಡು ಕಟ್ಟಡ ಬಾಕಿಯಿದ್ದವು. ಕುಕ್ಕರ್ ಹಲ್ಲು ಕಡಿದು ನಡುವಿನ ಪದವನ್ನು ಟಪಟಪನೆ ಒತ್ತಿದ. ಬಟನ್ ನೀಲಿಯಾಯಿತು. ಕೆಲಸ ಮುಗಿಯಿತು.

ಹೊಸ ಲೈನರ್ ಬರಲಿಲ್ಲ. ಮುಂದಿನ ತಿಂಗಳು ಷಡ್ಡಕನ ಸರದಿ. ಅವನೂ ಸವೆದದ್ದನ್ನು ಕಂಡ. ಭಾವ ಹೇಗೂ ಬರೆದಿದ್ದಾರೆ, ಇವತ್ತೋ ನಾಳೆಯೋ ಸಾಮಾನು ಬರುತ್ತದೆ ಎಂದುಕೊಂಡು ಬ್ರೇಕಿನ ಸ್ಪ್ರಿಂಗನ್ನು ನಾಲ್ಕು ಸುತ್ತು ಬಿಗಿ ಮಾಡಿ, ಬಟನ್ನಿಗೆ ಮೇವು ಹಾಕಿ ಬಂದ.

ಹತ್ತು ಹನ್ನೆರಡು ದಿನವಾಗಿರಬಹುದು. ದರ್ಜಿಯಮ್ಮ ಗಂಟು ಹಿಡಿದುಕೊಂಡು ಒಬ್ಬಳೇ ಮೇಲೆ ಹೋದಳು. ಲಿಫ್ಟು ಅವಳ ಮಹಡಿಯನ್ನು ದಾಟಿ ಒಂದು ಗೇಣು ಮೇಲೆ ನಿಂತಿತು. ಗಂಟಿನ ಮರೆಯಲ್ಲಿ ಅವಳಿಗೆ ನೆಲ ಕಾಣಲಿಲ್ಲ. ಕಾಲಿಟ್ಟ ಕಡೆ ನೆಲವಿರಲಿಲ್ಲ. ಮುಗ್ಗರಿಸಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು.

ಇಬ್ಬರೂ ಅವಳನ್ನು ನೋಡಲು ಹೋದರು. ಅರ್ಧ ಹೊಲಿದ ಬಟ್ಟೆಗಳ ನಡುವೆ, ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಕುಕ್ಕರ್ ಬಾಗಿಲಲ್ಲೇ ನಿಂತ.

"ಒಳಗೆ ಬನ್ನಿ, ನೆಲ ಗಟ್ಟಿಯಾಗಿದೆ, ಇಲ್ಲಿ ಬೀಳಲ್ಲ" ಎಂದಳು. ಆ ಮಾತಿಗೆ ಷಡ್ಡಕ ತಲೆ ತಗ್ಗಿಸಿದ.

"ನಾನು ಹೇಳಿದ್ದೆ ಕಣಮ್ಮಾ! ಬರೆದಿದ್ದೆ! ನಿಮ್ಮಾಣೆ!" ಎಂದ ಕುಕ್ಕರ್.

"ಯಾರಿಗೆ ಬರೆದಿದ್ರಿ? ನಾನು ದಿನಾ ಓಡಾಡೋಳು. ಲಿಫ್ಟಿನ ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿದ್ರೆ ನಾನು ಓದ್ತಿದ್ದೆ" ಎಂದಳು ಅವಳು.

ಆ ಮಾತು ಕುಕ್ಕರನನ್ನು ಚುಚ್ಚಿತು. ಇಳಿದು ಬರುವಾಗ ಮೆಟ್ಟಿಲುದ್ದಕ್ಕೂ ಅವನು ಹೆಡ್ ಆಫೀಸಿನ ವಂಶವನ್ನೆಲ್ಲ ಬೈಯುತ್ತಲೇ ಇದ್ದ. ಷಡ್ಡಕ ಮಾತ್ರ ಟೀ ಕುಡಿಯೋಣ ಎನ್ನಲಿಲ್ಲ.

ವಿಚಾರಣೆಗೆ ಹೆಡ್ ಆಫೀಸಿನಿಂದ ಒಬ್ಬರು ಬಂದರು. ಇಸ್ತ್ರಿ ಕೆಡದ ಶರ್ಟು, ಮುಂದೊಂದು ಲ್ಯಾಪ್‌ಟಾಪು. ಪಕ್ಕದಲ್ಲಿ ಸೂಪರ್‌ವೈಸರು ಮದುವೆಗೆ ಕರೆಯದೆ ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಎದುರಿಗೆ ಇವರಿಬ್ಬರು, ನಿಂತುಕೊಂಡು.

ಬಂದವರು ಮೊದಲು ಷಡ್ಡಕನದನ್ನು ಓದಿದರು. "'ಬರ್ತೀನಿ ಊಟ ಮಾಡು ಕಾಯಬೇಡ ಹಾಲು ತರ್ತೀನಿ.' ಏನಿದು?"

"ಹೆಂಡ್ತಿಗೆ ಬರೆಯೋದು ಸಾರ್, ಕೈತಪ್ಪಿ..." ಎಂದ ಷಡ್ಡಕ. ಬಾಗಿಲ ಬಳಿ ನಿಂತಿದ್ದ ಯಾರೋ ಕಿಸಕ್ಕೆಂದರು.

ಆಮೇಲೆ ಕುಕ್ಕರನದು. "'ಬ್ರೇಕ್ ಲೈನರ್ ಸವೆದಿದೆ ಹೊಸದು ಹಾಕಿ ಯಾಕೆ ಫೋನ್ ಎತ್ತಲ್ಲ ನಿನಗೆ ಬುದ್ಧಿ ಇದೆಯಾ.' ಇದು ರಿಪೋರ್ಟೋ ಬೈಗುಳವೋ?"

"ಮೊದಲನೇ ಭಾಗ ರಿಪೋರ್ಟು. ಎರಡನೇದು ಮೇವು" ಎಂದ ಕುಕ್ಕರ್.

"ಏನು?"

"ಮೇವು! ನಿಮ್ಮ ಬಟನ್ನಿಗೆ! ಐವತ್ತು ಅಕ್ಷರ ತಿನ್ನದೆ ಅದು ಏಳಲ್ಲ ಅಂತ ನೀವೇ ಮಾಡಿಟ್ಟಿದ್ದೀರಲ್ಲ? ತಗೊಳ್ಳಿ ಸಾರ್ ಫೋನು, ನೀವೇ ಬರೀರಿ. ಲೈನರ್ ಸವೆದಿದೆ ಅಂತ ಬರೆದು ಆ ಬಟನ್ ಒತ್ತಿ ನೋಡೋಣ!"

ಫೋನನ್ನು ಮೇಜಿನ ಮೇಲೆ ಚಾಚಿ ಹಿಡಿದ. ಬಂದವರು ತೆಗೆದುಕೊಳ್ಳಲಿಲ್ಲ. ಕೈ ಚಾಚಿಕೊಂಡೇ ನಿಂತಿದ್ದಂತೆ ಪರದೆ ತಾನಾಗಿ ಆರಿಹೋಯಿತು.

"ಅದನ್ನ ಮಾಡಿದ್ದು ನಾನಲ್ಲ. ನನ್ನ ಮುಂದಿರೋದು ಎರಡು ರಿಪೋರ್ಟು. ಎರಡರಲ್ಲೂ ಕೆಲಸಕ್ಕೆ ಸಂಬಂಧವಿಲ್ಲದ ಮಾತಿದೆ. ಅಂಥದ್ದು ಲೆಕ್ಕಕ್ಕಿಲ್ಲ ಅಂತ ನಿಯಮ. ಅಂದ್ರೆ ಎರಡು ತಿಂಗಳು ಆ ಲಿಫ್ಟಿನ ಬಗ್ಗೆ ಯಾರೂ ಏನೂ ಬರೆದಿಲ್ಲ. ಇಬ್ಬರನ್ನೂ ತೆಗೀಬೇಕಾಗುತ್ತೆ" ಎಂದರು.

"ನಾನು ಫೋನಲ್ಲೂ ಹೇಳಿದ್ದೆ! ಇಗೋ ಇವರಿಗೇ! ಹೇಳಿ ಸಾರ್!" ಎಂದು ಕುಕ್ಕರ್ ಸೂಪರ್‌ವೈಸರ್ ಕಡೆ ತಿರುಗಿದ.

ಸೂಪರ್‌ವೈಸರು ಉಗುರು ನೋಡಿಕೊಂಡರು. "ದಿನಕ್ಕೆ ಎಷ್ಟೋ ಫೋನ್ ಬರುತ್ತೆ. ನೆನಪಿಲ್ಲ."

ನೆನಪಿಲ್ಲವಂತೆ! ಒಂದೇ ಸೂರಿನ ಕೆಳಗಿನ ಎರಡು ಮನೆಯ ಅನ್ನ ಅಲ್ಲಿ ಮೇಜಿನ ಮೇಲಿತ್ತು, ಇವರಿಗೆ ನೆನಪಿಲ್ಲವಂತೆ. ಕುಕ್ಕರ್ ಮೇಜಿಗೆ ಗುದ್ದಲು ಕೈಯೆತ್ತಿದ. ಅಷ್ಟರಲ್ಲಿ ಷಡ್ಡಕ ಒಂದು ಹೆಜ್ಜೆ ಮುಂದೆ ಬಂದ.

"ಸಾರ್, ಎರಡೂ ನಾನೇ ಬರೆದಿದ್ದು" ಎಂದ.

ಸೂಪರ್‌ವೈಸರು ಉಗುರು ನೋಡುವುದನ್ನು ಬಿಟ್ಟರು.

"ಮೊದಲನೇ ತಿಂಗಳು ಭಾವನಿಗೆ ಜ್ವರ ಇತ್ತು. ಅವರ ಫೋನ್ ತಗೊಂಡು ನಾನೇ ಹೋಗಿದ್ದೆ. ಲೈನರ್ ನೋಡಿದ್ದು ನಾನು, ಆ ಮಾತು ಬರೆದದ್ದೂ ನಾನು. ಎರಡನೇ ತಿಂಗಳು ಗೊತ್ತಿದ್ದೂ ಸುಮ್ನೆ ಬಂದೋನು ನಾನೇ. ಭಾವನಿಗೂ ಇದಕ್ಕೂ ಸಂಬಂಧ ಇಲ್ಲ."

"ಸುಳ್ಳು!" ಎಂದು ಕುಕ್ಕರ್ ಅಬ್ಬರಿಸಿದ. "ಏ, ನಿಂಗೇನು ತಲೆ ಕೆಟ್ಟಿದೆಯೇನೋ? ಬರೆದೋನು ನಾನು!"

ಬಂದವರು ಮೊದಲ ಬಾರಿಗೆ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿ ಅವನನ್ನು ನೋಡಿದರು. ದನಿ ಮೆತ್ತಗಿತ್ತು. "ನೋಡಿ, ನೀವು ಬರೆದಿಲ್ಲ ಅಂದ್ರೆ ಫೋನ್ ಬೇರೆಯವರಿಗೆ ಕೊಟ್ಟಿದ್ದಕ್ಕೆ ಒಂದು ಎಚ್ಚರಿಕೆ, ಅಷ್ಟೇ. ಬರೆದಿದ್ದೀನಿ ಅಂದ್ರೆ ಇಬ್ಬರೂ ಹೋಗ್ತೀರಿ. ಯೋಚನೆ ಮಾಡಿ ಹೇಳಿ."

ಯೋಚನೆ ಮಾಡಿ ಎಂದವರ ಎದುರು ಕುಕ್ಕರ್ ಎಂದೂ ಯೋಚಿಸಿದವನಲ್ಲ. ಬಾಯಿ ತೆರೆದ. ಷಡ್ಡಕ ಅವನ ಕಡೆ ನೋಡುತ್ತಿರಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಕೆಳಗಿನ ಮನೆಯಲ್ಲಿ ಹೆಂಡತಿ, ಮೇಲಿನ ಮನೆಯಲ್ಲಿ ನಾದಿನಿ, ನಡುವಿನ ಮೆಟ್ಟಿಲಲ್ಲಿ ದಿನವಿಡೀ ಹತ್ತಿಳಿಯುವ ನಾಲ್ಕು ಮಕ್ಕಳು. ಒಬ್ಬನ ಸಂಬಳವಾದರೂ ಬರಬೇಕು. ತೆರೆದ ಬಾಯಿ ಮುಚ್ಚಿ, ಫೋನನ್ನು ಜೇಬಿಗಿಳಿಸಿದ. ಜೀವಮಾನವಿಡೀ ಕೂಗಿದವನು, ಕೂಗಲೇಬೇಕಾದ ಆ ಒಂದು ಹೊತ್ತಿನಲ್ಲಿ ಕೂಗಲಿಲ್ಲ.

ಬಂದವರು ಇನ್ನು ಕಾಯಲಿಲ್ಲ. ಅವರ ಪರದೆಯಲ್ಲೂ ಒಂದು ಬಿಳಿ ಪೆಟ್ಟಿಗೆ ಎದ್ದಿತು. ಕೆಲಸದಿಂದ ತೆಗೆಯಲು ಕಾರಣವೇನು ಎಂದು ಕೇಳುತ್ತಿತ್ತು. ಅಲ್ಲೂ ಕೆಳಗೊಂದು ಮಂಕು ಬಟನ್. ಅವರು ಬೇರೆ ಯಾರದೋ ಕಡತ ತೆರೆದು, ಅಲ್ಲಿಂದ ನಾಲ್ಕು ಸಾಲು ಎತ್ತಿ ತಂದು ಇಲ್ಲಿ ಅಂಟಿಸಿದರು. ಬಟನ್ ನೀಲಿಯಾಯಿತು. ಒತ್ತಿದರು. ಅವರ ಮೇವು ಮೇವಲ್ಲ, ಅದು ಕಾರಣ!

ಆಫೀಸಿನ ಹೊರಗೆ ಬಂದ ಮೇಲೆ ಕುಕ್ಕರ್ ಷಡ್ಡಕನ ಕಾಲರು ಹಿಡಿದ.

"ಯಾರು ಕೇಳಿದ್ರೋ ನಿನ್ನ? ನಾನು ಬರೆದದ್ದು ಒಂದೇ ಒಂದು ನಿಜ. ಅದನ್ನೂ ನಿನ್ನ ಹೆಸರಿಗೆ ಬರಕೊಂಡ್ಯಲ್ಲೋ! ಈಗ ಆ ಕಾಗದದಲ್ಲಿ ನಾನು ಯಾರು? ಜ್ವರ ಬಂದು ಮಲಗಿದ್ದೋನು!"

"ಕಾಲರ್ ಬಿಡಿ ಭಾವ, ಹೊಸ ಶರ್ಟು" ಎಂದ ಷಡ್ಡಕ. ಆಮೇಲೆ ಕಾಲರು ಸರಿಮಾಡಿಕೊಳ್ಳುತ್ತಾ, "ನೀವು ನೋಡಿ ಬರೆದ್ರಿ. ನಾನು ನೋಡಿಯೂ ಸ್ಪ್ರಿಂಗ್ ಬಿಗಿ ಮಾಡಿ ಬಂದೆ. ಆಯಮ್ಮನ ಕೈ ನನ್ನ ಲೆಕ್ಕಕ್ಕೆ ಬರ್ಲಿ ಬಿಡಿ" ಎಂದ.

"ನಾಳೆ ಹೋಗಿ ನಿಜ ಹೇಳ್ತೀನಿ."

ಷಡ್ಡಕನಿಗೆ ಕೋಪ ಬಂದದ್ದನ್ನು ಕುಕ್ಕರ್ ಕಂಡದ್ದು ಅದೊಂದೇ ಸಲ. "ಹೋಗಿ ಹೇಳಿ! ನಿಮ್ಮದೂ ಹೋಗ್ಲಿ! ಎರಡು ಮನೆಯವರೂ ಸಾಲಾಗಿ ಮೆಟ್ಟಿಲ ಮೇಲೆ ಕೂರೋಣ. ಆಗ ನಿಮ್ಮ ಸಿಟ್ಟಿಗೆ ಸಮಾಧಾನ ಆಗುತ್ತಾ?"

ಕುಕ್ಕರ್ ಹೋದ, ಆದರೂ ಹೋದ. ವಾರದ ಮೇಲೆ ಸೂಪರ್‌ವೈಸರರ ಮುಂದೆ ನಿಂತು ಎಲ್ಲ ಹೇಳಿದ. ಅವರು ಬಾಗಿಲು ಮುಚ್ಚಿ, "ಸುಮ್ನಿರ್ರೀ. ಅದು ಮುಗಿದ ಕೇಸು. ಮತ್ತೆ ತೆರೆಯೋಕೆ ಬರಲ್ಲ" ಎಂದರು. ಮುಗಿಯಿತಂತೆ. ಅವರು ಅಂದರೆ ಮುಗಿಯುತ್ತದೆ, ಇವನು ಅಂದರೆ ಮುಗಿಯುವುದಿಲ್ಲ!

ಕೆಲವು ತಿಂಗಳಿಗೆ ಕಂಪನಿಯವರು ಐವತ್ತರ ನಿಯಮವನ್ನು ಸದ್ದಿಲ್ಲದೆ ತೆಗೆದರು. ಯಾರೂ ತಪ್ಪಾಯಿತು ಎನ್ನಲಿಲ್ಲ. ಆ ಕಟ್ಟಡಕ್ಕೆ ಹೊಸ ಲೈನರ್ ಬಂತು, ಹಾಕಿದವನು ಕುಕ್ಕರೇ. ದರ್ಜಿಯಮ್ಮನ ಕೈ ಕೂಡಿತು, ಆದರೆ ಕತ್ತರಿ ಹಿಡಿದರೆ ಬೇಗ ಸೋಲುತ್ತದೆ. ಅವಳು ಈಗ ಮೆಟ್ಟಿಲಲ್ಲೇ ಓಡಾಡುತ್ತಾಳೆ.

ಷಡ್ಡಕ ಮನೆಯ ಹತ್ತಿರವೇ ನೀರಿನ ಪಂಪು, ಫ್ಯಾನು ರಿಪೇರಿಯ ಒಂದು ಅಂಗಡಿ ಹಾಕಿಕೊಂಡಿದ್ದಾನೆ. ಕಿಷ್ಕಿಂಧೆಯಂಥ ಜಾಗ, ಒಬ್ಬನಿಗೇ ಮುಗಿಯದಷ್ಟು ಕೆಲಸ. ರಜೆಯ ದಿನ ಕುಕ್ಕರ್ ತಪ್ಪದೆ ಅಲ್ಲಿಗೆ ಹೋಗುತ್ತಾನೆ. ಬಾಯಿಬಿಟ್ಟು ಹೇಳಲಾಗದ್ದನ್ನು ಕೈಯಿಂದಾದರೂ ತೀರಿಸೋಣ ಎಂದು ತೋಳು ಮಡಚಿಕೊಂಡೇ ಒಳಗೆ ಕಾಲಿಡುತ್ತಾನೆ. ಬಿಚ್ಚಿಟ್ಟ ಮೋಟಾರಿಗೆ ಕೈ ಹಾಕುವಷ್ಟರಲ್ಲಿ ಷಡ್ಡಕ ಅದನ್ನು ತನ್ನ ಕಡೆ ಎಳೆದುಕೊಳ್ಳುತ್ತಾನೆ.

"ನೀವ್ಯಾಕೆ ಭಾವ, ರಜೆ ದಿನ. ಕೂತ್ಕೊಳ್ಳಿ."

"ಕೊಡೋ ಇಲ್ಲಿ, ಮೈಗೇನು ದಾಡಿ ನಂಗೆ?"

"ಕೂತ್ಕೊಳ್ಳಿ ಅಂದ್ನಲ್ಲ."

ಬೇಸರದ ಮಾತಲ್ಲ, ಕೊಂಕಿನ ಮಾತೂ ಅಲ್ಲ. ಸ್ಟೂಲೊಂದನ್ನು ಬಟ್ಟೆಯಿಂದ ಒರೆಸಿ ಮುಂದಿಡುತ್ತಾನೆ, ಎದುರಿನ ಅಂಗಡಿಗೆ ಕೈಸನ್ನೆ ಮಾಡಿ ಟೀ ತರಿಸುತ್ತಾನೆ. ಗಿರಾಕಿಗಳು ಬಂದರೆ, "ಇವರು ನಮ್ಮ ಭಾವ, ಲಿಫ್ಟ್ ಕಂಪನಿಯಲ್ಲಿದ್ದಾರೆ" ಎಂದು ಹೆಮ್ಮೆಯಿಂದ ಹೇಳುತ್ತಾನೆ. ಕುಕ್ಕರನಿಗೆ ಮೈಯೆಲ್ಲ ಉರಿಯುತ್ತದೆ. ತೀರಿಸಲು ಬಂದವನನ್ನು ಹೀಗೆ ಒರೆಸಿದ ಸ್ಟೂಲಿನ ಮೇಲೆ ಕೂರಿಸಿದರೆ ಅವನು ತೀರಿಸುವುದಾದರೂ ಯಾವಾಗ? ಹೊತ್ತು ಮುಳುಗುವ ತನಕ ಕೂತು, ಏನೂ ಮಾಡದೆ, ಕೆಂಡದಂಥ ಮುಖ ಹೊತ್ತುಕೊಂಡು ಮನೆಗೆ ಬರುತ್ತಾನೆ. ಮುಂದಿನ ರಜೆಗೆ ಮತ್ತೆ ತೋಳು ಮಡಚಿಕೊಂಡು ಹೊರಡುತ್ತಾನೆ.